ಕಚೇರಿ ತಂಡಗಳ ಸಹಾಯಾರ್ಥ ಫುಟ್‌ಬಾಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಕಂಪನಿಗಳ ತಂಡಗಳನ್ನು ಒಂದು ದಿನ ಒಂದೆಡೆ ಸೇರಿಸಿ, ಫುಟ್‌ಬಾಲ್ ಆಡಿಸಿ, ಥಲಸ್ಸೇಮಿಯಾ ಇರುವ ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸಲು ಹೊರಟವರು ಕೇಳುವ ಪ್ರಶ್ನೆಗಳಿವು. ಮಾನವ ಸಂಪನ್ಮೂಲ ವಿಭಾಗದವರ ಪ್ರಶ್ನೆಗಳು ಒಂದು ಬಗೆ, ಲೆಕ್ಕಪತ್ರ ವಿಭಾಗದವರದು ಇನ್ನೊಂದು ಬಗೆ, ನಲವತ್ತು ದಾಟಿದ ಡಿಫೆಂಡರ್‌ಗಳದು ಮತ್ತೊಂದು ಬಗೆ. ಆಟಕ್ಕಿಂತ ದುಡ್ಡಿಗೆ ಇಲ್ಲಿ ಹೆಚ್ಚು ಜಾಗ ಸಿಕ್ಕಿದೆ. ಆಟ ಕೆಟ್ಟರೆ ಒಂದು ಭಾನುವಾರ ಹೋಗುತ್ತದೆ, ಲೆಕ್ಕ ಕೆಟ್ಟರೆ ಮುಂದಿನ ವರ್ಷ ಯಾರೂ ಬರುವುದಿಲ್ಲ.

ಸಂಬಳದಿಂದ ನೇರವಾಗಿ ದೇಣಿಗೆ ಕೊಟ್ಟರೆ ಸಾಲದೇ? ಇಷ್ಟೆಲ್ಲ ಓಡಾಟ ಏಕೆ?

ಸಾಲುತ್ತದೆ. ನೇರ ದೇಣಿಗೆಯಲ್ಲಿ ಖರ್ಚೇ ಇಲ್ಲ, ಆದ್ದರಿಂದ ರೂಪಾಯಿಯ ಲೆಕ್ಕದಲ್ಲಿ ಅದೇ ಉತ್ತಮ. ನಿಮ್ಮ ಕಚೇರಿಯಲ್ಲಿ ಪ್ರತಿ ತಿಂಗಳು ಸಂಬಳದಿಂದ ಇಷ್ಟು ಎಂದು ಕೊಡುವ ಐವತ್ತು ಜನ ಈಗಾಗಲೇ ಇದ್ದರೆ ಪಂದ್ಯಾವಳಿಯ ಗೊಡವೆಗೆ ಹೋಗದಿದ್ದರೂ ನಡೆಯುತ್ತದೆ.

ಆದರೆ ಹೆಚ್ಚಿನ ಕಚೇರಿಗಳಲ್ಲಿ ಆ ಐವತ್ತು ಜನ ಇನ್ನೂ ಇಲ್ಲ. ದೇಣಿಗೆ ಕೇಳುವ ಮಿಂಚಂಚೆಯನ್ನು ತೆರೆಯದೆ ಅಳಿಸುವವರು ಕೂಡ ತಮ್ಮ ತಂಡ ಆಡುತ್ತಿದೆ ಎಂದರೆ ಮೈದಾನಕ್ಕೆ ಬರುತ್ತಾರೆ. ಬಂದವರ ಕಿವಿಗೆ ಕಾಯಿಲೆಯ ಹೆಸರು ಬೀಳುತ್ತದೆ, ಕೆಲವರು ರಕ್ತ ಕೊಡುತ್ತಾರೆ, ಒಬ್ಬಿಬ್ಬರು ತಮ್ಮ ರಕ್ತವನ್ನೂ ಪರೀಕ್ಷಿಸಿಕೊಳ್ಳುತ್ತಾರೆ. ಥಲಸ್ಸೇಮಿಯಾದ ಮಟ್ಟಿಗೆ ಇವೆರಡೂ ಹಣದಷ್ಟೇ ಬೇಕಾದವು.

ಥಲಸ್ಸೇಮಿಯಾ ಎಂದರೇನು? ನಮ್ಮ ಹಣ ಯಾವುದಕ್ಕೆ ಖರ್ಚಾಗುತ್ತದೆ?

ಕೆಂಪು ರಕ್ತಕಣದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆ ಇದು. ಇದರ ತೀವ್ರ ರೂಪವಾದ ಥಲಸ್ಸೇಮಿಯಾ ಮೇಜರ್ ಇರುವ ಮಗು ಹುಟ್ಟುವಾಗ ಚೆನ್ನಾಗಿಯೇ ಇರುತ್ತದೆ. ಆರು ತಿಂಗಳಿಂದ ಎರಡು ವರ್ಷದೊಳಗೆ ಬಿಳಿಚಿಕೊಳ್ಳುತ್ತದೆ, ಹಾಲು ಕುಡಿಯುವಾಗಲೇ ಸುಸ್ತಾಗುತ್ತದೆ. ಅಲ್ಲಿಂದ ಮುಂದೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಲೇಬೇಕು, ಜೀವನಪೂರ್ತಿ.

ರಕ್ತ ಸಿಕ್ಕರೆ ಮುಗಿಯಿತು ಎಂದು ಹೊರಗಿನವರು ತಿಳಿಯುತ್ತಾರೆ. ಒಂದು ಯೂನಿಟ್ ರಕ್ತದ ಜೊತೆ ಸುಮಾರು 200ರಿಂದ 250 ಮಿಲಿಗ್ರಾಂ ಕಬ್ಬಿಣ ದೇಹದೊಳಕ್ಕೆ ಹೋಗುತ್ತದೆ. ದೇಹ ತಾನಾಗಿ ಹೊರಹಾಕುವುದು ದಿನಕ್ಕೆ ಒಂದು ಮಿಲಿಗ್ರಾಂ ಆಸುಪಾಸು ಮಾತ್ರ. ಉಳಿದ ಕಬ್ಬಿಣ ಹೃದಯ, ಯಕೃತ್ತು ಮತ್ತು ಹಾರ್ಮೋನು ಗ್ರಂಥಿಗಳಲ್ಲಿ ಸೇರಿಕೊಂಡು ಅವನ್ನು ಕೆಡಿಸುತ್ತದೆ. ಅದನ್ನು ತೆಗೆಯಲು ಡೆಫೆರಾಸಿರಾಕ್ಸ್, ಡೆಫೆರಿಪ್ರೋನ್‌ನಂಥ ಮಾತ್ರೆಗಳು ಅಥವಾ ಡೆಫೆರಾಕ್ಸಮಿನ್ ಚುಚ್ಚುಮದ್ದು ಬೇಕು, ಅದೂ ನಿರಂತರವಾಗಿ. ಸರ್ಕಾರಿ ರಕ್ತ ಕೇಂದ್ರಗಳಲ್ಲಿ ಈ ಮಕ್ಕಳಿಗೆ ರಕ್ತ ಉಚಿತವಾಗಿ ಸಿಗುತ್ತದೆ. ಮನೆಯವರ ಕೈ ಕಟ್ಟುವುದು ಔಷಧಿ, ಪದೇ ಪದೇ ಮಾಡಿಸುವ ಪರೀಕ್ಷೆಗಳು, ಊರಿನಿಂದ ಆಸ್ಪತ್ರೆಗೆ ಬಂದುಹೋಗುವ ಖರ್ಚು ಮತ್ತು ಆ ದಿನದ ಕೂಲಿ ನಷ್ಟ. ಪಂದ್ಯಾವಳಿಯ ಹಣ ಚೆನ್ನಾಗಿ ಉಪಯೋಗವಾಗುವುದು ಇಲ್ಲಿಯೇ.

ಅಸ್ಥಿಮಜ್ಜೆ ಕಸಿಯಿಂದ ಕಾಯಿಲೆ ಗುಣವಾಗುತ್ತದೆ. ಹೊಂದುವ ದಾನಿ ಬೇಕು. ಒಡಹುಟ್ಟಿದ ಒಬ್ಬೊಬ್ಬರೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ವೆಚ್ಚ ಲಕ್ಷಗಳಲ್ಲಿ. ಕೋಲ್ ಇಂಡಿಯಾ ತನ್ನ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ 2017ರಲ್ಲಿ ಆರಂಭಿಸಿದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆ ಅರ್ಹ ಕುಟುಂಬಗಳಿಗೆ 10 ಲಕ್ಷ ರೂಪಾಯಿಯವರೆಗೆ ನೆರವು ಕೊಡುತ್ತದೆ. ಒಂದು ಭಾನುವಾರದ ಪಂದ್ಯಾವಳಿಯಿಂದ ಕಸಿ ಮಾಡಿಸುತ್ತೇವೆ ಎಂದು ಫಲಕ ಬರೆಸಬೇಡಿ. ಇಷ್ಟು ಮಕ್ಕಳಿಗೆ ಇಷ್ಟು ತಿಂಗಳ ಔಷಧಿ ಎಂದು ಬರೆಸಿ. ಅದು ನಿಜವೂ ಹೌದು, ಜನರಿಗೆ ಅರ್ಥವಾಗುವುದೂ ಹೌದು.

ಹಣ ಪಡೆದು ಮಕ್ಕಳಿಗೆ ತಲುಪಿಸುವ ಸಂಸ್ಥೆಯನ್ನು ಆರಿಸುವಾಗ ಏನು ನೋಡಬೇಕು?

ಮೊದಲು ಕಾಗದ: ಆದಾಯ ತೆರಿಗೆ ಇಲಾಖೆಯ ನೋಂದಣಿ, 80ಜಿ (ದೇಣಿಗೆ ಕೊಟ್ಟವರಿಗೆ ತೆರಿಗೆ ಕಡಿತ ಸಿಗುವ ಕಲಂ) ಅನುಮೋದನೆ, ಹಿಂದಿನ ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿ. ಆಮೇಲೆ ಖುದ್ದಾಗಿ ಹೋಗಿ ನೋಡುವುದು. ರಕ್ತ ಕೊಡುವ ಘಟಕದಲ್ಲಿ ಅರ್ಧ ದಿನ ಕುಳಿತರೆ ಯಾವ ಮಾತ್ರೆ ಮುಗಿದಿದೆ, ಯಾವ ಯಂತ್ರ ಕೆಟ್ಟಿದೆ, ಯಾರ ಅಮ್ಮ ಬೆಳಗಿನ ಜಾವ ಮೂರಕ್ಕೆ ಬಸ್ ಹತ್ತಿ ಬಂದಿದ್ದಾರೆ ಎಂಬುದು ಯಾವ ಕರಪತ್ರದಲ್ಲೂ ಇಲ್ಲದಷ್ಟು ಸ್ಪಷ್ಟವಾಗುತ್ತದೆ. ‘ನಿಮಗೆ ಎರಡು ಲಕ್ಷ ಸಿಕ್ಕರೆ ಏನು ಮಾಡುತ್ತೀರಿ?’ ಎಂದು ಕೇಳಿ. ಸಂಸ್ಥೆಯವರು ನಿರ್ದಿಷ್ಟವಾಗಿ ಉತ್ತರಿಸಿದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ.

ಪ್ರವೇಶ ಶುಲ್ಕದಲ್ಲಿ ಎಷ್ಟು ಪಾಲು ಮಕ್ಕಳಿಗೆ ತಲುಪುತ್ತದೆ?

ಇದನ್ನು ಎಲ್ಲರೂ ಕೊನೆಗೆ ಕೇಳುತ್ತಾರೆ, ಕೇಳಬೇಕಾದದ್ದು ಮೊದಲು. ಒಂದು ಲೆಕ್ಕ ಕಲ್ಪಿಸಿಕೊಳ್ಳೋಣ. 16 ತಂಡಗಳು, ತಂಡಕ್ಕೆ 20,000 ರೂಪಾಯಿ ಶುಲ್ಕ; ಒಟ್ಟು 3,20,000. ಎರಡು ಟರ್ಫ್‌ಗಳನ್ನು, ಅಂದರೆ ಕೃತಕ ಹುಲ್ಲಿನ ಬಾಡಿಗೆ ಅಂಕಣಗಳನ್ನು, ಗಂಟೆಗೆ 2,000ದಂತೆ ಎಂಟು ಗಂಟೆ ಹಿಡಿದರೆ 32,000. ರೆಫರಿಗಳಿಗೆ 15,000. ಆಂಬುಲೆನ್ಸ್ ಮತ್ತು ಫಿಸಿಯೋಥೆರಪಿಸ್ಟ್‌ಗೆ 18,000. ಚೆಂಡು, ಬಿಬ್, ಟ್ರೋಫಿಗೆ 20,000. ತಿಂಡಿ, ಊಟ, ನೀರಿಗೆ 35,000. ಖರ್ಚು 1,20,000 ಆಯಿತು. ಉಳಿದದ್ದು ಎರಡು ಲಕ್ಷ, ಅಂದರೆ ಶೇ 62.5. ನಿಮ್ಮ ಊರಿನ ದರ ಹಾಕಿ ನೋಡಿ, ಅಂಕಿ ಬದಲಾಗುತ್ತದೆ, ಪಾಠ ಬದಲಾಗುವುದಿಲ್ಲ: ಶುಲ್ಕದಿಂದಲೇ ಖರ್ಚು ತೆಗೆದರೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಹಣ ಹುಲ್ಲಿನ ಮೇಲೆಯೇ ಕರಗುತ್ತದೆ.

ಆದ್ದರಿಂದ ನಮ್ಮ ಹಟ ಒಂದೇ. ಮೈದಾನದ ಖರ್ಚನ್ನು ಪ್ರಾಯೋಜಕರಿಂದ ಮೊದಲೇ ಪಡೆಯಿರಿ. ಅದು ಕೈಗೆ ಬರುವವರೆಗೆ ದಿನಾಂಕ ಘೋಷಿಸಬೇಡಿ. ಶುಲ್ಕದ ಕೊನೆಯ ರೂಪಾಯಿಯೂ ಸಂಸ್ಥೆಗೆ ಹೋಗುತ್ತದೆ ಎಂದು ಹೇಳಲು ಸಾಧ್ಯವಾದಾಗ ತಂಡಗಳು ಚೌಕಾಸಿ ಮಾಡುವುದನ್ನು ನಿಲ್ಲಿಸುತ್ತವೆ. ಪ್ರಾಯೋಜಕರು ಸಿಗದಿದ್ದರೆ ಖರ್ಚು ಇಳಿಸಿ: ಮೂರಡಿ ಎತ್ತರದ ಟ್ರೋಫಿ, ಎಲ್ಲರಿಗೂ ಟೀ ಶರ್ಟ್, ಡ್ರೋನ್ ಚಿತ್ರೀಕರಣ, ಇವುಗಳಿಲ್ಲದೆ ಯಾರೂ ಸೊರಗುವುದಿಲ್ಲ. ರೆಫರಿ ಮತ್ತು ಆಂಬುಲೆನ್ಸ್‌ನಲ್ಲಿ ಮಾತ್ರ ಉಳಿತಾಯ ಬೇಡ.

ಹಣವನ್ನು ಯಾರ ಖಾತೆಗೆ ಹಾಕಬೇಕು?

ಸಂಸ್ಥೆಯ ಖಾತೆಗೆ, ನೇರವಾಗಿ. ಮೈದಾನದಲ್ಲಿ ಅಂಟಿಸುವ ಯುಪಿಐ ಸಂಕೇತವೂ ಸಂಸ್ಥೆಯದೇ ಆಗಿರಲಿ. ಸಂಘಟಕರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಅವರ ಸ್ವಂತ ಖಾತೆಗೆ ಮೂರು ಲಕ್ಷ ಬಂದು ಆಮೇಲೆ ಹೊರಗೆ ಹೋಗುವುದು ಅವರಿಗೂ ತೊಡಕು, ಕೊಟ್ಟವರಿಗೂ ಅನುಮಾನ.

ಪ್ರವೇಶ ಶುಲ್ಕಕ್ಕೆ 80ಜಿ ವಿನಾಯಿತಿ ಸಿಗುತ್ತದೆಯೇ?

ಇಲ್ಲ ಎಂದುಕೊಂಡೇ ಬನ್ನಿ. ಶುಲ್ಕ ಕೊಟ್ಟು ನೀವು ಆಡುತ್ತೀರಿ, ಊಟ ಮಾಡುತ್ತೀರಿ. ಪ್ರತಿಯಾಗಿ ಏನೋ ಪಡೆದ ಮೇಲೆ ಅದನ್ನು ದೇಣಿಗೆ ಎನ್ನಲು ಬರುವುದಿಲ್ಲ. ಶುಲ್ಕದ ಹೊರತಾಗಿ ಸಂಸ್ಥೆಗೆ ಪ್ರತ್ಯೇಕವಾಗಿ ಕೊಟ್ಟದ್ದು ದೇಣಿಗೆ. ಇಂಥ ಹೆಚ್ಚಿನ ಸಂಸ್ಥೆಗಳಿಗೆ ಕೊಟ್ಟ ಮೊತ್ತದ ಅರ್ಧಕ್ಕೆ, ಅದೂ ಒಟ್ಟು ಆದಾಯದ ಶೇ 10ರ ಮಿತಿಯೊಳಗೆ, ಕಡಿತ ಸಿಗುತ್ತದೆ. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಕಡಿತವಿಲ್ಲ. ಚೆಂಡು, ನೀರಿನ ಬಾಟಲಿ, ಔಷಧಿಯಂಥ ವಸ್ತುಗಳನ್ನು ಕೊಟ್ಟರೂ ಇಲ್ಲ. ರಶೀದಿಯ ಜೊತೆಗೆ ಸಂಸ್ಥೆ ಇಲಾಖೆಗೆ ಸಲ್ಲಿಸುವ ವಾರ್ಷಿಕ ವಿವರದಲ್ಲಿ ನಿಮ್ಮ ಪ್ಯಾನ್ ಸಂಖ್ಯೆ ಇರಬೇಕು. ಆದ್ದರಿಂದ ದೇಣಿಗೆ ಕೊಡುವಾಗಲೇ ಅದನ್ನು ಸರಿಯಾಗಿ ಬರೆದುಕೊಡಿ. 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಂಗಳ ಸಂಖ್ಯೆ ಬದಲಾಗಿದೆಯಾದರೂ ಕಚೇರಿಗಳಲ್ಲಿ ಎಲ್ಲರ ಬಾಯಲ್ಲಿರುವುದು 80ಜಿಯೇ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಈ ಕಡಿತವೇ ಇಲ್ಲ. ಇಂದು ಬಹಳಷ್ಟು ನೌಕರರು ಆ ಪದ್ಧತಿಯಲ್ಲಿಯೇ ಇದ್ದಾರೆ. ಅವರ ಮುಂದೆ ‘ತೆರಿಗೆ ಉಳಿಸಿ’ ಎಂಬ ಫಲಕ ಹಿಡಿದು ನಿಲ್ಲುವುದು ಮೋಸಕ್ಕೆ ಸಮೀಪ.

ಕಂಪನಿ ಇದನ್ನು ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಖರ್ಚಿನಲ್ಲಿ ತೋರಿಸಬಹುದೇ?

2013ರ ಕಂಪನಿ ಕಾಯಿದೆಯ ಕಲಂ 135 ಅನ್ವಯಿಸುವುದು 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿಗಳಿಗೆ. ಅವು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಆರೋಗ್ಯ ಸೇವೆ ಆ ಕಾಯಿದೆಯ ಏಳನೇ ಅನುಸೂಚಿಯಲ್ಲಿದೆ. ಹಾಗಾಗಿ ಕಂಪನಿ ಥಲಸ್ಸೇಮಿಯಾ ಘಟಕಕ್ಕೆ ಯೋಜನೆಯ ರೂಪದಲ್ಲಿ ಹಣ ಕೊಟ್ಟರೆ ಅದು ಸಿಎಸ್‌ಆರ್. ಸಂಸ್ಥೆ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿಕೊಂಡಿರಬೇಕು, ಅಷ್ಟೆ.

ನಿಮ್ಮದೇ ನೌಕರರು ಆಡುವ ಪಂದ್ಯದ ಟರ್ಫ್ ಬಾಡಿಗೆ ಸಿಎಸ್‌ಆರ್ ಅಲ್ಲ. ಸ್ವಂತ ನೌಕರರಿಗೆ ಅನುಕೂಲವಾಗುವ ಚಟುವಟಿಕೆಗಳನ್ನೂ, ಕಂಪನಿಯ ಹೆಸರು ಮೆರೆಸಲು ಕೊಡುವ ಪ್ರಾಯೋಜಕತ್ವವನ್ನೂ ನಿಯಮಗಳು ಹೊರಗಿಟ್ಟಿವೆ. ಮ್ಯಾರಥಾನ್‌ನಂಥ ಒಂದು ದಿನದ ಕಾರ್ಯಕ್ರಮಗಳು ಸಿಎಸ್‌ಆರ್ ಆಗುವುದಿಲ್ಲ ಎಂದು ಕಂಪನಿ ವ್ಯವಹಾರಗಳ ಸಚಿವಾಲಯ 2014ರಲ್ಲಿಯೇ ಹೇಳಿತ್ತು. ಆಟದ ಖರ್ಚು ನೌಕರರ ಕಲ್ಯಾಣ ಅಥವಾ ಪ್ರಚಾರದ ಬಾಬ್ತಿನಿಂದ ಬರಲಿ, ಚಿಕಿತ್ಸೆಯ ಹಣ ಸಿಎಸ್‌ಆರ್‌ನಿಂದ ಬರಲಿ. ಎರಡನ್ನೂ ಒಂದೇ ಚೆಕ್‌ನಲ್ಲಿ ಕೇಳಿದರೆ ಲೆಕ್ಕಪತ್ರ ವಿಭಾಗ ಎರಡನ್ನೂ ತಿರಸ್ಕರಿಸುತ್ತದೆ.

ಹೊರದೇಶದಲ್ಲಿರುವ ಸಹೋದ್ಯೋಗಿಗಳು ಹಣ ಕಳಿಸಬಹುದೇ?

ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದರ ಮೇಲೆ ಉತ್ತರ ನಿಂತಿದೆ. ದುಬೈಯಲ್ಲೋ ಸಿಂಗಪುರದಲ್ಲೋ ದುಡಿಯುತ್ತಿರುವ, ಭಾರತದ ಪೌರತ್ವ ಉಳಿಸಿಕೊಂಡಿರುವ ಕನ್ನಡಿಗರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರರಾದ ಅದೇ ಊರಿನ ಅವರ ಗೆಳೆಯರು ಕೊಟ್ಟರೆ ವಿದೇಶಿ ದೇಣಿಗೆಯಾಗುತ್ತದೆ, ಕೈಯಲ್ಲಿ ಸಾಗರೋತ್ತರ ಭಾರತೀಯ ಕಾರ್ಡ್ ಇದ್ದರೂ ಸರಿಯೇ. ಅದನ್ನು ಪಡೆಯಲು ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯ (ಎಫ್‌ಸಿಆರ್‌ಎ) ನೋಂದಣಿ ಇರಬೇಕು ಮತ್ತು ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ನಿಗದಿತ ಖಾತೆಗೇ ಬರಬೇಕು. ನೋಂದಣಿ ಇಲ್ಲದ ಸಂಸ್ಥೆಯ ಯುಪಿಐ ಸಂಕೇತವನ್ನು ಜಗತ್ತಿನಾದ್ಯಂತ ಇರುವ ಕಚೇರಿಗಳ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಮುನ್ನ ಇದನ್ನು ನೆನಪಿಡಿ. ಇಕ್ಕಟ್ಟಿಗೆ ಸಿಲುಕುವುದು ನೀವಲ್ಲ, ಸಂಸ್ಥೆ.

ಆಟದ ದಿನ ಇನ್ನಷ್ಟು ಹಣ ಕೂಡಿಸುವುದು ಹೇಗೆ?

ಗೋಲಿಗಿಷ್ಟು ದೇಣಿಗೆ ಎಂಬ ವಾಗ್ದಾನ ಚೆನ್ನಾಗಿ ನಡೆಯುತ್ತದೆ. ವಿಭಾಗದ ಮುಖ್ಯಸ್ಥರೊಬ್ಬರು ಪ್ರತಿ ಗೋಲಿಗೆ 200 ರೂಪಾಯಿ ಎಂದು ಮೊದಲೇ ಒಪ್ಪಿಕೊಂಡರೆ, 31 ಪಂದ್ಯಗಳಲ್ಲಿ ತೊಂಬತ್ತು ಗೋಲು ಬಿದ್ದಾಗ 18,000 ಆಗುತ್ತದೆ. ಇಂಥ ಹತ್ತು ಮಂದಿ ಸಿಕ್ಕರೆ ಪ್ರವೇಶ ಶುಲ್ಕದ ಅರ್ಧಕ್ಕಿಂತ ಹೆಚ್ಚು! ಗೋಲ್‌ಕೀಪರ್‌ಗಳಿಗೆ ಅನ್ಯಾಯವಾಗದಂತೆ ತಡೆದ ಪೆನಾಲ್ಟಿಗೂ ಒಂದು ದರ ಇಡಿ. ನೌಕರರು ಕೊಟ್ಟಷ್ಟೇ ಮೊತ್ತವನ್ನು ಕಂಪನಿಯೂ ಸೇರಿಸುವ ಪದ್ಧತಿ ನಿಮ್ಮಲ್ಲಿದ್ದರೆ ಅದನ್ನು ಕೇಳಲು ಸಂಕೋಚ ಬೇಡ.

ಟಿಕೆಟ್ ಮಾರಿ ಚೀಟಿ ಎತ್ತಿ ಬಹುಮಾನ ಕೊಡುವ ಯೋಚನೆ ಪ್ರತಿ ಸಭೆಯಲ್ಲೂ ಬರುತ್ತದೆ. ಬೇಡ. ಕರ್ನಾಟಕದಲ್ಲಿ 2007ರಿಂದ ಲಾಟರಿಗೆ ನಿಷೇಧವಿದೆ. ಉದ್ದೇಶ ಒಳ್ಳೆಯದು ಎಂಬ ವಾದವನ್ನು ಠಾಣೆಯಲ್ಲಿ ಕುಳಿತು ಮಂಡಿಸುವ ಅಗತ್ಯ ಯಾರಿಗೂ ಇಲ್ಲ. ಸಹಿ ಮಾಡಿದ ಜೆರ್ಸಿಯ ಹರಾಜು ನಡೆಸಿ; ಅಲ್ಲಿ ಅದೃಷ್ಟದ ಮಾತಿಲ್ಲ, ಹೆಚ್ಚು ಕೂಗಿದವರಿಗೆ ಸಿಗುತ್ತದೆ. ಯಾರು ಗೆಲ್ಲುತ್ತಾರೆ ಎಂದು ಬಾಜಿ ಕಟ್ಟುವುದೂ ಬೇಡ.

ಪ್ರಾಯೋಜಕರು ಯಾರಾದರೂ ಆಗಬಹುದೇ?

ತಂಬಾಕು ಕಂಪನಿಗಳು ಆಗುವಂತಿಲ್ಲ. 2003ರ ತಂಬಾಕು ನಿಯಂತ್ರಣ ಕಾಯಿದೆ ಅಂಥ ಪ್ರಾಯೋಜಕತ್ವವನ್ನೇ ನಿಷೇಧಿಸುತ್ತದೆ. ಮದ್ಯದ ಬ್ರಾಂಡ್‌ಗಳು ಸೋಡಾ, ಸಂಗೀತದ ಸಿಡಿ ಎಂಬ ವೇಷದಲ್ಲಿ ಬರುತ್ತವೆ, ಬೇಡ ಎನ್ನಿ. ಆರೋಗ್ಯಕ್ಕೆಂದು ಹಣ ಎತ್ತುವ ಜಾಗದಲ್ಲಿ ಯಕೃತ್ತು ಕೆಡಿಸುವವರ ಬ್ಯಾನರ್ ತೂಗಿದರೆ ಮಕ್ಕಳ ವೈದ್ಯರೇ ನಗುತ್ತಾರೆ. ಆಟ ಮುಗಿದ ಮೇಲೆ ತಂಡಗಳು ಎಲ್ಲಿಗೆ ಹೋಗುತ್ತವೆ ಎಂಬುದು ಅವುಗಳಿಗೆ ಬಿಟ್ಟದ್ದು.

ಎಷ್ಟು ತಂಡ? ಪಂದ್ಯ ಎಷ್ಟು ಹೊತ್ತು?

ಒಂದು ದಿನಕ್ಕೆ 16 ತಂಡ ಸರಿಯಾದ ಅಳತೆ. ನಾಲ್ಕು ತಂಡಗಳ ನಾಲ್ಕು ಗುಂಪು ಮಾಡಿದರೆ ಗುಂಪು ಹಂತದಲ್ಲಿ 24 ಪಂದ್ಯ, ನಂತರ ಕ್ವಾರ್ಟರ್‌ಫೈನಲ್, ಸೆಮಿಫೈನಲ್, ಫೈನಲ್ ಸೇರಿ ಏಳು, ಒಟ್ಟು 31. ಐವರ ಆಟ, ಹತ್ತು ಹತ್ತು ನಿಮಿಷದ ಎರಡು ಅವಧಿ, ನಡುವೆ ಎರಡು ನಿಮಿಷ, ತಂಡ ಬದಲಾಗಲು ಮೂರು ನಿಮಿಷ. ಪಂದ್ಯಕ್ಕೆ 25 ನಿಮಿಷ ಹಿಡಿಯಿರಿ. ಎರಡು ಟರ್ಫ್‌ಗಳಲ್ಲಿ ಆರು ಗಂಟೆ ನಲವತ್ತು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಊಟಕ್ಕೂ ಭಾಷಣಕ್ಕೂ ಸಮಯ ಉಳಿಯುತ್ತದೆ, ಭಾಷಣ ಚಿಕ್ಕದಾಗಿದ್ದರೆ.

ಫೈನಲ್ ತಲುಪಿದ ತಂಡ ಆರು ಪಂದ್ಯ ಆಡಿರುತ್ತದೆ, ಅಂದರೆ 120 ನಿಮಿಷ. ವಾರವಿಡೀ ಕುರ್ಚಿಯಲ್ಲಿ ಕುಳಿತ ದೇಹಕ್ಕೆ ಇದು ಕಡಿಮೆಯಲ್ಲ. ತಂಡದಲ್ಲಿ ಹತ್ತು ಜನರಿರಲಿ, ಬದಲಿ ಆಟಗಾರರು ಎಷ್ಟು ಸಲವಾದರೂ ಒಳಗೆ ಹೊರಗೆ ಹೋಗಲಿ.

ಮೂರು ತಂಡಗಳ ಗುಂಪು ಮಾಡಿ 24 ತಂಡ ತುಂಬಿಸುವ ಆಸೆ ಹುಟ್ಟುತ್ತದೆ, ಶುಲ್ಕ ಹೆಚ್ಚುತ್ತದಲ್ಲ. ಹಾಗೆ ಮಾಡಿದರೆ ಹಲವು ತಂಡಗಳು ಎರಡೇ ಪಂದ್ಯ ಆಡಿ ಹತ್ತೂವರೆಗೆ ಮನೆಗೆ ಹೊರಡುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ, ಕೊನೆಯ ಪಂದ್ಯ ಆಡುವ ಇಬ್ಬರಿಗೆ ಎಷ್ಟು ಗೋಲಿನಲ್ಲಿ ಮುಗಿಸಬೇಕೆಂದು ಮೊದಲೇ ಗೊತ್ತಿರುತ್ತದೆ. 1982ರ ವಿಶ್ವಕಪ್‌ನಲ್ಲಿ ಸ್ಪೇನಿನ ಹಿಹೋನ್‌ನಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ 1-0ಕ್ಕೆ ಆಟ ನಿಲ್ಲಿಸಿಕೊಂಡಂತೆ ಚೆಂಡು ತಳ್ಳಾಡಿ, ಎರಡೂ ಮುಂದೆ ಹೋಗಿ, ಅಲ್ಜೀರಿಯಾವನ್ನು ಹೊರಗಟ್ಟಿದವು. ಗುಂಪಿನ ಕೊನೆಯ ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುವ ಪದ್ಧತಿ ವಿಶ್ವಕಪ್‌ಗೆ ಬಂದದ್ದು ಅದರ ನಂತರ. ನಿಮ್ಮ ಬಳಿ ಎರಡು ಟರ್ಫ್ ಇವೆ, ನೀವೂ ಹಾಗೆಯೇ ಮಾಡಿ.

ನಿಯಮಗಳೇನು?

ಐವರ ಆಟದಲ್ಲಿ ಆಫ್‌ಸೈಡ್ ಇಲ್ಲ. ಜಾರಿ ಚೆಂಡು ಕಸಿಯುವಂತಿಲ್ಲ. ಕೃತಕ ಹುಲ್ಲಿನ ಮೇಲೆ ಅದು ಎದುರಾಳಿಯ ಕಾಲಿಗೂ ನಿಮ್ಮ ತೊಡೆಯ ಚರ್ಮಕ್ಕೂ ಅಪಾಯ. ಮೊಣಕಾಲಿನ ಕೆಳಗಿನ ಮೂಳೆಗೆ ರಕ್ಷಾಕವಚ ಕಡ್ಡಾಯ, ‘ತಂದಿಲ್ಲ’ ಎಂದವರು ಬೆಂಚಿನ ಮೇಲೆ ಕೂರುತ್ತಾರೆ. ಲೋಹದ ಮೊಳೆಯ ಬೂಟು ನಿಷಿದ್ಧ, ಟರ್ಫ್ ಬೂಟು ಬೇಕು. ಹಳದಿ ಕಾರ್ಡ್ ಕಂಡವರು ಎರಡು ನಿಮಿಷ ಹೊರಗೆ. ಕೆಂಪು ಕಾರ್ಡ್ ಕಂಡವರಿಗೆ ಆ ದಿನದ ಆಟ ಮುಗಿಯಿತು. ರೆಫರಿಯ ಜೊತೆ ವಾದಿಸುವ ಹಕ್ಕು ನಾಯಕರಿಗೆ ಮಾತ್ರ, ಅದೂ ಕಂಪನಿಯ ಉಪಾಧ್ಯಕ್ಷರಾಗಿದ್ದರೂ ದನಿ ತಗ್ಗಿಸಿ.

ಯಾರು ಆಡಬಹುದು? ಹೊರಗಿನವರನ್ನು ಕರೆತಂದರೆ?

ಬೆಂಗಳೂರಿಗೆ ಕಚೇರಿ ಫುಟ್‌ಬಾಲ್ ಹೊಸದೇನಲ್ಲ. ವಿಮಾನ ತಯಾರಿಸುವ ಎಚ್‌ಎಎಲ್, ದೂರವಾಣಿ ತಯಾರಿಸುತ್ತಿದ್ದ ಐಟಿಐಯಂಥ ಕಾರ್ಖಾನೆಗಳು ದಶಕಗಳ ಕಾಲ ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟಿದವು. ಎಚ್‌ಎಎಲ್ 2010-11ರಲ್ಲಿ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ನಲ್ಲೇ ಆಡಿತು. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದದ್ದು 54 ವರ್ಷಗಳ ಬಳಿಕ. ಇಂಥ ಊರಿನಲ್ಲಿ ಒಳ್ಳೆಯ ಆಟಗಾರರನ್ನು ಒಂದು ದಿನಕ್ಕೆ ‘ಸಲಹೆಗಾರ’ ಎಂದು ನೇಮಿಸಿಕೊಳ್ಳುವ ಚಾಳಿ ಇರುವುದು ಸಹಜ. ಆದರೂ ತಡೆಯಲೇಬೇಕು: ಮೂರು ತಿಂಗಳ ಹಿಂದಿನಿಂದ ಕಂಪನಿಯಲ್ಲಿದ್ದಾರೆ ಎಂಬ ದಾಖಲೆ, ಭಾವಚಿತ್ರವಿರುವ ಗುರುತಿನ ಚೀಟಿ, ಹೆಸರಿನ ಪಟ್ಟಿಗೆ ವಾರ ಮೊದಲೇ ಮುದ್ರೆ. ಜಿಲ್ಲಾ ಅಥವಾ ರಾಜ್ಯ ಸಂಸ್ಥೆಯ ಲೀಗ್‌ನಲ್ಲಿ ನೋಂದಾಯಿತರಾದವರು ನಿಜವಾದ ನೌಕರರಾಗಿದ್ದರೂ ಒಂದು ಹೊತ್ತಿಗೆ ಒಬ್ಬರೇ ಮೈದಾನದಲ್ಲಿರಲಿ.

ಈ ನಿಯಮ ಬರೆಯುವಾಗ ಗುತ್ತಿಗೆ ನೌಕರರನ್ನು ಹೊರಗಿಡಬೇಡಿ. ಗೇಟಿನ ಕಾವಲುಗಾರರು, ಶುಚಿತ್ವ ಸಿಬ್ಬಂದಿ, ಕ್ಯಾಂಟೀನಿನವರು, ಕ್ಯಾಬ್ ಚಾಲಕರು ನಿಮ್ಮ ಕಟ್ಟಡದಲ್ಲಿ ದಿನಕ್ಕೆ ಹನ್ನೆರಡು ಗಂಟೆ ಇರುತ್ತಾರೆ. ಇವರಲ್ಲಿ ಮಣಿಪುರ, ಮಿಜೋರಾಂ, ಅಸ್ಸಾಂನಿಂದ ಬಂದು ಚಿಕ್ಕಂದಿನಿಂದ ಚೆಂಡಿನ ಜೊತೆ ಬೆಳೆದವರೂ ಇರುತ್ತಾರೆ. ಅವರ ಆ ದಿನದ ಪಾಳಿಯ ಸಂಬಳ ಕಡಿತವಾಗದಂತೆ ಗುತ್ತಿಗೆದಾರರಿಂದ ಲಿಖಿತವಾಗಿ ಒಪ್ಪಿಗೆ ಪಡೆಯಿರಿ, ಬಾಯಿಮಾತು ಸಾಲದು.

ಹೆಂಗಸರಿಗೆ ಪ್ರತ್ಯೇಕ ವಿಭಾಗವೋ, ಮಿಶ್ರ ತಂಡವೋ?

ಆರು ತಂಡ ಸಿಕ್ಕರೆ ಪ್ರತ್ಯೇಕ ವಿಭಾಗ ಮಾಡಿ. ಸಿಗದಿದ್ದರೆ ಮಿಶ್ರ ತಂಡದಲ್ಲಿ ಇಬ್ಬರು ಮಹಿಳೆಯರು ಸದಾ ಮೈದಾನದಲ್ಲಿರಬೇಕು ಎಂದು ಬರೆಯಿರಿ. ಮಹಿಳೆ ಹೊಡೆದ ಗೋಲು ಎರಡಕ್ಕೆ ಸಮ ಎಂಬ ನಿಯಮ ಕೆಲವೆಡೆ ಇದೆ. ನಮಗೆ ಅದು ಹಿಡಿಸುವುದಿಲ್ಲ. ಅದರಿಂದ ಅವರಿಗೆ ಚೆಂಡು ಸಿಗುವುದು ಗೋಲಿನ ಮುಂದೆ ನಿಲ್ಲಿಸಿದಾಗ ಮಾತ್ರ, ಆಟದಲ್ಲಿ ಅಲ್ಲ.

ಯಾವ ತಿಂಗಳು ಒಳ್ಳೆಯದು?

ನವೆಂಬರ್ ಕೊನೆಯಿಂದ ಫೆಬ್ರುವರಿ. ಏಪ್ರಿಲ್‌ನಲ್ಲಿ ಕೃತಕ ಹುಲ್ಲು ಕಾದ ಹೆಂಚು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಂಜೆಯ ಮಳೆ ನಂಬಿಕೆಗೆ ಅರ್ಹವಲ್ಲ. ಥಲಸ್ಸೇಮಿಯಾ ದಿನ ಮೇ 8 ಎಂದು ಆ ದಿನವೇ ಆಡಿಸುವ ಹಟ ಬೇಡ. ಅಂದು ರಕ್ತದಾನ ಶಿಬಿರ ಮಾಡಿ.

ಗಾಯವಾದರೆ? ಯಾರಿಗಾದರೂ ಎದೆನೋವು ಬಂದರೆ?

ಕಚೇರಿ ಪಂದ್ಯಗಳಲ್ಲಿ ಹೆಚ್ಚಾಗಿ ಆಗುವುದು ತೊಡೆಯ ಹಿಂಭಾಗದ ಸ್ನಾಯು ಸೆಳೆತ, ಪಾದದ ಉಳುಕು, ಮಂಡಿ ತಿರುಚುವುದು. ಹೆಚ್ಚಿನವು ಮೊದಲ ಪಂದ್ಯದ ಮೊದಲ ಐದು ನಿಮಿಷದಲ್ಲಿ, ಕಾರಿನಿಂದಿಳಿದು ನೇರ ಮೈದಾನಕ್ಕೆ ಬಂದವರಿಗೆ. ಫಿಫಾ 11+ ಎಂಬ, ಇಪ್ಪತ್ತು ನಿಮಿಷದ, ಹದಿನೈದು ವ್ಯಾಯಾಮಗಳ ಪೂರ್ವಸಿದ್ಧತೆಯನ್ನು ಒಂದು ತಿಂಗಳು ಮೊದಲಿನಿಂದ ವಾರಕ್ಕೆ ಎರಡು ಸಲ ಮಾಡಿಸಿ.

ಹೃದಯದ ವಿಷಯ ಬೇರೆ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್‌ಸನ್ ಮೈದಾನದಲ್ಲೇ ಕುಸಿದದ್ದನ್ನು ಕೋಟ್ಯಂತರ ಜನ ನೋಡಿದರು. ಅವರು ಬದುಕಿ ಮತ್ತೆ ಆಡಿದ್ದು ತಕ್ಷಣ ಎದೆ ಒತ್ತಿದವರು ಮತ್ತು ವಿದ್ಯುತ್ ಆಘಾತ ಕೊಡುವ ಯಂತ್ರ ಹತ್ತಿರದಲ್ಲೇ ಇದ್ದುದರಿಂದ. ಅದೇ ವರ್ಷ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರನ್ನು 46ನೇ ವಯಸ್ಸಿಗೆ ಕಳೆದುಕೊಂಡ ಮೇಲೆ, ಗಟ್ಟಿಮುಟ್ಟಾಗಿ ಕಾಣುವವರಿಗೆ ಏನೂ ಆಗದು ಎಂದು ಕನ್ನಡಿಗರಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ. ಹೃದಯಸ್ತಂಭನವಾದಾಗ ಯಂತ್ರದ ನೆರವಿಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಅವಕಾಶ ಶೇ 7ರಿಂದ 10ರಷ್ಟು ಇಳಿಯುತ್ತದೆ. ಆ ಯಂತ್ರ, ಅಂದರೆ ಎಇಡಿ, ಮೈದಾನದ ಅಂಚಿನಲ್ಲಿಯೇ ಇರಲಿ. ಕಚೇರಿಯ ಸ್ವಾಗತ ಕೋಣೆಯಲ್ಲಿ ಗೋಡೆಗೆ ತೂಗುಹಾಕಿದ್ದನ್ನು ಒಂದು ದಿನಕ್ಕೆ ತನ್ನಿ. ಪ್ರತಿ ತಂಡದಲ್ಲಿ ಇಬ್ಬರಾದರೂ ಎದೆ ಒತ್ತುವುದನ್ನು ಕಲಿತಿರಲಿ: ನಿಮಿಷಕ್ಕೆ 100ರಿಂದ 120 ಸಲ, ಐದರಿಂದ ಆರು ಸೆಂಟಿಮೀಟರ್ ಆಳ. 108ಕ್ಕೆ ಕರೆ ಮಾಡುವವರು ಯಾರು, ಗೇಟು ತೆರೆಯುವವರು ಯಾರು ಎಂದು ಬೆಳಿಗ್ಗೆಯೇ ಹೆಸರಿಸಿ. ನಲವತ್ತು ದಾಟಿದವರು, ಮಧುಮೇಹ ಅಥವಾ ರಕ್ತದೊತ್ತಡ ಇರುವವರು, ಮನೆಯಲ್ಲಿ ಹೃದ್ರೋಗದ ಇತಿಹಾಸವಿರುವವರು ವೈದ್ಯರನ್ನು ಕಂಡೇ ಬರಬೇಕು. ಆಡುವಾಗ ಎದೆ ಬಿಗಿದರೆ ‘ಗ್ಯಾಸ್’ ಎಂದು ತಳ್ಳಿಹಾಕುವಂತಿಲ್ಲ, ತಕ್ಷಣ ಹೊರಗೆ.

ವಿಮೆ ಬೇಕೇ?

ಕಂಪನಿಯ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಆಸ್ಪತ್ರೆಗೆ ದಾಖಲಾದರೆ ಮಾತ್ರ ನೆರವಿಗೆ ಬರುತ್ತದೆ. ಗುತ್ತಿಗೆ ನೌಕರರಿಗೆ ಅದೂ ಇರುವುದಿಲ್ಲ. ಒಂದು ದಿನದ ಗುಂಪು ಅಪಘಾತ ವಿಮೆ ಮಾಡಿಸಿ. ‘ಏನಾದರೂ ಆದರೆ ನಾನೇ ಹೊಣೆ’ ಎಂದು ಬರೆಸಿಕೊಂಡ ಕಾಗದ ಸಂಘಟಕರ ನಿರ್ಲಕ್ಷ್ಯವನ್ನು ಮುಚ್ಚುವುದಿಲ್ಲ.

ಅದೇ ದಿನ ರಕ್ತದಾನ ಶಿಬಿರ ಇಟ್ಟರೆ ಚೆನ್ನಾಗಿರುತ್ತದಲ್ಲವೇ?

ಚಿತ್ರಕ್ಕೆ ಚೆನ್ನಾಗಿರುತ್ತದೆ, ಆಟಗಾರರಿಗೆ ಅಲ್ಲ. ರಕ್ತ ಕೊಟ್ಟ ಮೇಲೆ ಒಂದು ದಿನ ಕಠಿಣ ವ್ಯಾಯಾಮ ಕೂಡದು. ಬೆವರಿ ಬಳಲಿದವರಿಂದ ರಕ್ತ ಪಡೆಯುವುದೂ ಸರಿಯಲ್ಲ. ಆಡಲು ಬರದೆ ನೋಡಲು ಬಂದವರಿಗೆ ಮಾತ್ರ ಅಂದು ಅವಕಾಶ ಕೊಡಿ, ಆಟಗಾರರಿಗೆ ಮುಂದಿನ ವಾರ ಕಚೇರಿಯಲ್ಲಿ. ದಾನಿಗೆ 18 ತುಂಬಿರಬೇಕು, ತೂಕ 45 ಕಿಲೋಗೆ ಕಡಿಮೆ ಇರಬಾರದು, ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು.

ಈ ಮಕ್ಕಳಿಗೆ ರಕ್ತ ಬೇಕಿರುವುದು ವರ್ಷವಿಡೀ. ಕೆಂಪು ಕಣಗಳು ಶೀತಲ ಪೆಟ್ಟಿಗೆಯಲ್ಲಿ ಗರಿಷ್ಠ 42 ದಿನ ಬಾಳುತ್ತವೆ. ಒಂದೇ ದಿನ ಐನೂರು ಯೂನಿಟ್ ಸಂಗ್ರಹಿಸಿ ಫೋಟೊ ಹಾಕುವುದಕ್ಕಿಂತ, ಆಡಿದ 16 ಕಂಪನಿಗಳು ಸರದಿಯಲ್ಲಿ ತಿಂಗಳಿಗೊಂದು ಸಣ್ಣ ಶಿಬಿರ ನಡೆಸಿದರೆ ಹೆಚ್ಚು ಪ್ರಯೋಜನ. ಕಾಲೇಜುಗಳಿಗೆ ರಜೆ ಇರುವ ಬೇಸಿಗೆಯ ತಿಂಗಳುಗಳನ್ನು ಮೊದಲು ತುಂಬಿಸಿ.

ನಮ್ಮ ಆಟಗಾರರಲ್ಲಿ ಯಾರಿಗಾದರೂ ಥಲಸ್ಸೇಮಿಯಾ ವಾಹಕತೆ ಇದ್ದರೆ ಆಡಬಹುದೇ?

ಆಡಬಹುದು. ವಾಹಕರು, ಅಂದರೆ ಕಾಯಿಲೆಯ ವಂಶವಾಹಿಯ ಒಂದು ಪ್ರತಿಯನ್ನು ಮಾತ್ರ ಹೊತ್ತವರು, ಆರೋಗ್ಯವಂತರು, ಸ್ವಲ್ಪ ರಕ್ತಹೀನತೆ ಕಾಣಬಹುದು, ಅಷ್ಟೆ. ಎಚ್‌ಪಿಎಲ್‌ಸಿ ಎಂಬ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎ2 ಪ್ರಮಾಣ ಹೆಚ್ಚಿದ್ದರೆ ಅದು ಸಾಮಾನ್ಯವಾಗಿ ಗೊತ್ತಾಗುತ್ತದೆ. ಗಂಡ ಹೆಂಡತಿ ಇಬ್ಬರೂ ವಾಹಕರಾದಾಗ ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ಥಲಸ್ಸೇಮಿಯಾ ಮೇಜರ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮದುವೆಯ ವಯಸ್ಸಿನ ನೌಕರರೇ ತುಂಬಿರುವ ಕಚೇರಿಗಳಲ್ಲಿ ಈ ಪರೀಕ್ಷೆಗೆ ಏರ್ಪಾಡು ಮಾಡುವುದು ಒಳ್ಳೆಯದು. ಫಲಿತಾಂಶ ಮಾತ್ರ ಪ್ರಯೋಗಾಲಯದಿಂದ ನೇರವಾಗಿ ಅವರ ಕೈಗೇ ಹೋಗಬೇಕು. ಮಾನವ ಸಂಪನ್ಮೂಲ ವಿಭಾಗದ ಕಡತಕ್ಕೆ ಅದರ ನೆರಳೂ ಬೀಳಬಾರದು.

ಮಕ್ಕಳನ್ನು ವೇದಿಕೆಗೆ ಕರೆದು ಚೆಕ್ ಕೊಡಬಹುದೇ?

ದಯವಿಟ್ಟು ಬೇಡ. ದೊಡ್ಡ ರಟ್ಟಿನ ಚೆಕ್ಕಿನ ಹಿಂದೆ ನಿಂತ ಮಗು ನಾಳೆ ಶಾಲೆಗೆ ಹೋಗಬೇಕು. ಅದರ ಕಾಯಿಲೆಯ ಹೆಸರು ಇಡೀ ಊರಿಗೆ ತಿಳಿಯಬೇಕೇ ಎಂಬುದನ್ನು ನಿರ್ಧರಿಸುವುದು ನಿಮ್ಮ ಪ್ರಚಾರ ವಿಭಾಗವಲ್ಲ. ಆಟ ನೋಡಲು ಇಷ್ಟಪಟ್ಟು ಬಂದರೆ ಎಲ್ಲ ಮಕ್ಕಳಂತೆ ಗ್ಯಾಲರಿಯಲ್ಲಿ ಕೂರಲಿ, ವೈದ್ಯರು ಬೇಡ ಎನ್ನದಿದ್ದರೆ ಚೆಂಡನ್ನೂ ಒದೆಯಲಿ. ಫೋಟೊಗೆ ತಂದೆತಾಯಿಯ ಲಿಖಿತ ಒಪ್ಪಿಗೆ ಬೇಕು. ಮಗು ‘ಬೇಡ’ ಎಂದರೆ ಆ ಒಪ್ಪಿಗೆಯೂ ಲೆಕ್ಕಕ್ಕಿಲ್ಲ.

ಮಳೆ ಬಂದು ಆಟ ರದ್ದಾದರೆ ಶುಲ್ಕ ಹಿಂದಿರುಗಿಸುತ್ತೀರಾ?

ಗುಡುಗು ಕೇಳಿಸಿದರೆ ಮೈದಾನ ಖಾಲಿ ಮಾಡಬೇಕು, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಾಯಬೇಕು. ದಿನವೇ ಹಾಳಾದರೆ ಇನ್ನೊಂದು ದಿನ ಆಡಿಸಲು ಟರ್ಫ್‌ನವರೊಂದಿಗೆ ಮುಂಚೆಯೇ ಒಪ್ಪಂದವಿರಲಿ. ಸಂಸ್ಥೆಯ ಖಾತೆಗೆ ಹೋದ ಹಣ ಹಿಂದಿರುಗುವುದಿಲ್ಲ ಎಂದು ಅರ್ಜಿಯ ಮೊದಲ ಸಾಲಿನಲ್ಲಿಯೇ ಬರೆಯಿರಿ. ಒಪ್ಪದ ತಂಡ ಆಗಲೇ ದೂರ ಉಳಿಯಲಿ.

ಲೆಕ್ಕ ಯಾವಾಗ ಸಿಗುತ್ತದೆ?

ಎರಡು ಸಲ. ಪಂದ್ಯಾವಳಿ ಮುಗಿದ ಹದಿನೈದು ದಿನದೊಳಗೆ ಬಂದದ್ದೆಷ್ಟು, ಪ್ರಾಯೋಜಕರು ಭರಿಸಿದ್ದೆಷ್ಟು, ಸಂಸ್ಥೆಗೆ ಜಮೆಯಾದದ್ದೆಷ್ಟು ಎಂಬ ಒಂದು ಪುಟದ ಪಟ್ಟಿ, ಬಿಲ್‌ಗಳ ಪ್ರತಿಯೊಂದಿಗೆ ಎಲ್ಲ ನಾಯಕರಿಗೂ ಹೋಗಬೇಕು. ಗೋಲಿಗಿಷ್ಟು ಎಂದು ಒಪ್ಪಿಕೊಂಡು ಕೊಡದೆ ಉಳಿದವರ ಬಾಕಿಯೂ ಆ ಪಟ್ಟಿಯಲ್ಲಿರಲಿ. ಹೆಸರು ಹಾಕಬೇಕಿಲ್ಲ, ಮೊತ್ತ ಸಾಕು; ಅವರಿಗೆ ಅರ್ಥವಾಗುತ್ತದೆ. ಆರು ತಿಂಗಳ ನಂತರ ಸಂಸ್ಥೆಯಿಂದ ಎರಡನೇ ಪತ್ರ ಬರಬೇಕು: ಯಾವ ಔಷಧಿ, ಎಷ್ಟು ಮಕ್ಕಳಿಗೆ, ಎಷ್ಟು ತಿಂಗಳಿಗೆ, ಉಳಿದದ್ದೆಷ್ಟು. ಈ ಪತ್ರದ ಷರತ್ತನ್ನು ಹಣ ಕೊಡುವ ಮೊದಲೇ ಒಪ್ಪಂದದಲ್ಲಿ ಸೇರಿಸಿ, ಏಕೆಂದರೆ ಆ ಹೊತ್ತಿಗೆ ಸಂಘಟಕರಲ್ಲಿ ಅರ್ಧ ಜನ ಕಂಪನಿ ಬದಲಿಸಿರುತ್ತಾರೆ. ಪತ್ರ ಸಂಘಟಕರ ಜೊತೆಗೆ 16 ತಂಡಗಳ ಕಚೇರಿ ವಿಳಾಸಕ್ಕೂ ಬರಲಿ.